ಬಾಳಪ್ಪನವರ ಬ್ಯಾಬಿಲೋನ್ ಮತ್ತು ನಮ್ಮ ಹಿತ್ತಲ ಮಣ್ಣು

ಮೆಲ್ಬರ್ನಿನ ಟಾರ್ನೀಟಿನಲ್ಲಿ ನಮ್ಮ ಮನೆಯ ಗೃಹಪ್ರವೇಶಕ್ಕೆ ಬಂದವರೆಲ್ಲ ಅಡುಗೆಮನೆಯ ಕಟ್ಟೆ ಸವರಿದರು, ಗ್ಯಾರೇಜಿನ ಬಾಗಿಲನ್ನು ಮೇಲೆ ಕೆಳಗೆ ಆಡಿಸಿದರು, ಮಾರ್ಟ್‌ಗೇಜ್ ಎಷ್ಟು ವರ್ಷದ್ದು ಎಂದು ಕೇಳಿ ನಮ್ಮ ಪರವಾಗಿ ನಿಟ್ಟುಸಿರು ಬಿಟ್ಟರು. ಬಾಳಪ್ಪನವರೊಬ್ಬರು ಮಾತ್ರ ಹೋಮದ ಹೊಗೆಯಿಂದ ತಪ್ಪಿಸಿಕೊಂಡು ಹಿತ್ತಲಿಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು, ಒಂದು ಹಿಡಿ ಮಣ್ಣು ಕಿತ್ತು, ಕುಡಿಯಲು ಕೊಟ್ಟಿದ್ದ ನೀರನ್ನೇ ಅದರ ಮೇಲೆ ಚಿಮುಕಿಸಿ ಅಂಗೈಯಲ್ಲಿ ಹೊಸೆಯುತ್ತಿದ್ದರು. ಮಣ್ಣು ಶ್ಯಾವಿಗೆಯ ಎಳೆಯ ಹಾಗೆ ಉದ್ದವಾಗುತ್ತಲೇ ಹೋಯಿತು. ತುಂಡಾಗಲಿಲ್ಲ.

“ಹೇಗಿದೆ ಸಾರ್ ಮಣ್ಣು?” ಎಂದೆ.

“ಭಾಳ ಅಂದ್ರ ಭಾಳ ಚೊಲೋ ಐತ್ರಿ ಸಂಪತ್ ಸರ. ಹಿಂತಾ ಮಣ್ಣು ಹುಡುಕಿದ್ರ ಸಿಗೂದಿಲ್ಲ.”

ನಾನು ಹಿಗ್ಗಿದೆ. ಆ ದಿನ ನಮ್ಮ ಮನೆಯ ಬಗ್ಗೆ ಯಾರೂ ಅಷ್ಟು ಮನಸಾರೆ ಹೊಗಳಿರಲಿಲ್ಲ.

“ಮನಿ ಬಿರಕು ಬಿಡತೈತಿ,” ಎಂದರು ಅದೇ ಸಂತೋಷದಲ್ಲಿ. “ಮಳಿಗೆ ಉಬ್ಬತೈತಿ, ಬಿಸಲಿಗೆ ಕುಗ್ಗತೈತಿ. ನಮ್ಮ ಬೈಲಹೊಂಗಲದ ಎರಿಮಣ್ಣಿನ ತಮ್ಮ ಇದು. ಇದರ ಮ್ಯಾಲೆ ಯಾರ ಏನ ಕಟ್ಟಿದ್ರೂ ಅಷ್ಟ!”

ಬಾಳಪ್ಪನವರ ವೃತ್ತಿಯೇ ಅದು. ಮೆಲ್ಬರ್ನಿನ ಪಶ್ಚಿಮಕ್ಕೆ, ನಿನ್ನೆ ಮೊನ್ನೆಯವರೆಗೆ ಕುರಿ ಮೇಯುತ್ತಿದ್ದ ಬಯಲುಗಳಲ್ಲಿ ಏಳುವ ಪ್ರತಿ ಹೊಸ ಮನೆಗೂ ಮೊದಲು ನೆಲ ಕೊರೆದು, ಮಣ್ಣು ಪರೀಕ್ಷಿಸಿ, ತಳಕ್ಕೆ ಎಷ್ಟು ದಪ್ಪ ಕಾಂಕ್ರೀಟ್ ಬೇಕೆಂದು ಹೇಳುವ ಎಂಜಿನಿಯರ್. ಬಾಯಲ್ಲಿ ಒಂದು ಕಹಿ ಮಾತಿಲ್ಲ, ಮನಸ್ಸಿನಲ್ಲಿ ಒಂದು ಕೊಂಕಿಲ್ಲ. ಆದರೆ ಊಟಕ್ಕೆ ಕರೆದವರ ಮನೆಯಲ್ಲಿ ಗೋಡೆಯ ಮೂಲೆಗಳನ್ನೇ ನೋಡುತ್ತ ಊಟ ಮಾಡುವುದರಿಂದ ಅವರನ್ನು ಕರೆಯುವವರು ಸ್ವಲ್ಪ ಕಡಿಮೆ. ಎರಡನೆಯ ಬೇಸಿಗೆಗೆ ನಮ್ಮ ಮಲಗುವ ಕೋಣೆಯ ಬಾಗಿಲ ಮೂಲೆಯಿಂದ ಸೂರಿನವರೆಗೆ ಬಿರುಕು ಮೂಡಿತು. ನಾನು ಗಾಬರಿಯಾಗಿ ಫೋನ್ ಮಾಡಿದೆ. ಅವರು ಬಂದು, ಕನ್ನಡಕ ಹಣೆಗೇರಿಸಿ ನೋಡಿ, “ನಾ ಅಂದಿದ್ನಿಲ್ರಿ!” ಎಂದು ಬೆನ್ನು ತಟ್ಟಿದರು. ನನ್ನ ಬೆನ್ನನ್ನಲ್ಲ, ಗೋಡೆಯ ಬೆನ್ನನ್ನು.

ಇಂಥವರಿಗೆ ಬ್ಯಾಬಿಲೋನಿನ ಹುಚ್ಚು ಹಿಡಿದದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಹಿಡಿಯದೆ ಹೇಗಿದ್ದೀತು ಎಂಬುದು ನನ್ನ ಪ್ರಶ್ನೆ. ಮೆಲ್ಬರ್ನಿಗೆ ಬಂದಿದ್ದ ಯಾವುದೋ ಪ್ರದರ್ಶನಕ್ಕೆ ಮಗಳು ಗಾನವಿ ಅವರನ್ನು ಎಳೆದುಕೊಂಡು ಹೋಗಿದ್ದಳು. ಗಾಜಿನ ಪೆಟ್ಟಿಗೆಯಲ್ಲಿ ಬಿಸ್ಕತ್ತಿನ ಗಾತ್ರದ ಮಣ್ಣಿನ ಹಲಗೆ, ಅದರ ತುಂಬ ಗುಬ್ಬಿ ಓಡಾಡಿದಂತೆ ಬೆಣೆ ಬೆಣೆ ಗುರುತು. ಬಂದವರೆಲ್ಲ ಆ ಬರಹ ನೋಡಿದರು. ಬಾಳಪ್ಪನವರು ಮಣ್ಣು ನೋಡಿದರು. “ಒಂದು ಹರಳಿಲ್ಲ, ಒಂದು ಕಸಾ ಇಲ್ಲ. ಎಷ್ಟು ನಾದ್ಯಾನವಾ ಈ ಮನಷ್ಯಾ!” ಎಂದು ಗಟ್ಟಿಯಾಗಿ ಉದ್ಗರಿಸಿದ್ದಕ್ಕೆ ಕಾವಲಿನವನು ಬಂದು ಸುಮ್ಮನಿರಿಸಿದನಂತೆ. ಅಷ್ಟು ಚೆನ್ನಾಗಿ ಮಣ್ಣು ನಾದಿದವನು ಏನು ಬರೆದಿರಬಹುದು ಎಂಬ ಕುತೂಹಲ ಆಮೇಲೆ ಹುಟ್ಟಿತು.

ಹುಡುಕಿದರೆ ಸಿಡ್ನಿಯ ಒಂದು ವಿಶ್ವವಿದ್ಯಾಲಯದವರು ಗುರುವಾರ ಸಂಜೆ ಆನ್‌ಲೈನಿನಲ್ಲಿ ಬ್ಯಾಬಿಲೋನಿನ ಭಾಷೆ ಕಲಿಸುತ್ತಿದ್ದರು. ಕಲಿಸುವವರು ಡಾಕ್ಟರ್ ಶಮೀರಾಮ್. ಅಲ್ಲಿಯದೇ ಫೇರ್‌ಫೀಲ್ಡಿನಲ್ಲಿ ಬೆಳೆದ ಅಸ್ಸೀರಿಯನ್ ಹೆಣ್ಣುಮಗಳು, ಅಜ್ಜಿಯ ಊರು ಇರಾಕಿನಲ್ಲಿ. ಬಾಳಪ್ಪನವರು ಸೇರಿಯೇಬಿಟ್ಟರು. ಅಲ್ಲಿಂದ ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲದಾಯಿತು. ಒಂದು ಟಬ್ಬಿನಲ್ಲಿ ಮಣ್ಣು ನೆನೆಯುತ್ತದೆ. ಒತ್ತಿ ಬರೆಯಲು ಜೊಂಡಿನ ಕಡ್ಡಿ ಸಿಗದೆ ವೆರಿಬೀಯ ಚೈನೀಸ್ ಹೋಟೆಲಿನಿಂದ ತಂದ ಊಟದ ಕಡ್ಡಿಗಳನ್ನೇ ಮೊನೆ ಕೊಯ್ದು ಸಾಲಾಗಿ ಇಟ್ಟಿದ್ದಾರೆ. ಮಣ್ಣು ಎಲ್ಲಿಯದೆಂದು ಕೇಳಬೇಡಿ. ನಮ್ಮ ಹಿತ್ತಲಿನದು. “ನಿಮ್ಮಲ್ಲಿದ್ದಂಗ ಇಡೀ ಸಬರ್ಬಿನ್ಯಾಗ ಇಲ್ರಿ,” ಎಂದು ಬಕೆಟ್ಟು ಹಿಡಿದು ಬರುವವರಿಗೆ ಇಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ನಿಂಬೆಗಿಡ ಈಗ ಗುಂಡಿಯಲ್ಲಿ ನಿಂತಿದೆ.

ಅಲ್ಲಿಯವರೆಗೆ ಗೋಡೆಯ ಬಿರುಕಿನ ಮಾತಾಡುತ್ತಿದ್ದವರು ಈಗ ಪಾರ್ಟಿಗಳಲ್ಲಿ ಬ್ಯಾಬಿಲೋನಿನ ಮಾತು ಶುರು ಮಾಡಿದರು. ಜನ ಬಿರುಕೇ ವಾಸಿಯಿತ್ತು ಎಂದುಕೊಂಡರು. ಬಾರ್ಬೆಕ್ಯೂದಲ್ಲಿ ಪ್ಲೇಟು ಹಿಡಿದವರನ್ನು ಮೂಲೆಗೆ ಒತ್ತಿ, “ನಿಮಗ ಗೊತ್ತೈತೇನ್ರಿ, ಅವರ ಹಾಡಿನ್ಯಾಗ ಗಿಡ ಗಿಡಾನ ಜಗಳಾಡತಾವು, ನಾ ಹೆಚ್ಚೋ ನೀ ಹೆಚ್ಚೋ ಅಂತ! ಥೇಟ್ ನಮ್ಮ ಹರದೇಶಿ-ನಾಗೇಶಿ ಪದದಂಗ!” ಎನ್ನುತ್ತಿದ್ದರು. ಅಲ್ಲಿನ ಶಾಲೆಯ ಮಕ್ಕಳು ಹಲಗೆ ಮೇಲೆ ತಿದ್ದಿದ್ದನ್ನು, ಮೇಷ್ಟರಿಂದ ಹೊಡೆಸಿಕೊಂಡದ್ದನ್ನು ತಮ್ಮ ಸೋದರಮಾವನ ಮಕ್ಕಳ ಸುದ್ದಿಯಂತೆ ಹೇಳುತ್ತಿದ್ದರು. ಊರಿಗೆ ಬೆಂಕಿ ಬಿದ್ದರೆ ಕಾಗದ ಸುಡುತ್ತದೆ, ಮಣ್ಣಿನ ಹಲಗೆ ಬೆಂದು ಇನ್ನಷ್ಟು ಗಟ್ಟಿಯಾಗುತ್ತದೆ ಎನ್ನುವಾಗ ಅವರ ಕಣ್ಣು ಹೊಳೆಯುತ್ತಿತ್ತು. ಹೆಂಡತಿ ನೀಲಕ್ಕ ದೂರದಿಂದಲೇ, “ಏನ್ರೀ, ಅವರಿಗೆ ಉಣ್ಣಾಕರೆ ಬಿಡ್ರಿ!” ಎಂದು ಕೂಗುತ್ತಿದ್ದರು.

ಹೀಗಿರುವಾಗ ಅವರ ತಾಯಿ ದ್ಯಾಮವ್ವ ವಿಸಿಟರ್ ವೀಸಾದ ಮೇಲೆ ಬಂದರು. ಬೈಲಹೊಂಗಲದಲ್ಲಿ ಹಿರಿಯ ಮಗಳ ತುಂಬುಮನೆಯಲ್ಲಿದ್ದವರು, ಕಿರಿಯವನ ಮನೆಯನ್ನೂ ಒಮ್ಮೆ ನೋಡಿಹೋಗಲು ಬಂದದ್ದು. ಓದು ಬರಹ ಬಾರದು. ಆದರೆ ಕೈ ಕೆಲಸಕ್ಕೆ ಬಿದ್ದರೆ ಬಾಯಿಗೆ ಹಾಡು ಬರುತ್ತದೆ. ಕೆಲವು ಊರಿನ ಹಾಡು, ಕೆಲವು ತಾವೇ ಕಟ್ಟಿದವು. ಬಾಳಪ್ಪನವರು ಕೂಸಾಗಿದ್ದಾಗ, ಮಣ್ಣಿನ ಎತ್ತಿಗೆ ಹುಲ್ಲು ತಿನ್ನಿಸಲು ಹಟ ಹಿಡಿದು ಅತ್ತದ್ದಕ್ಕೆ ಸುಮ್ಮನಾಗಿಸಲು ಕಟ್ಟಿದ ಹಾಡೊಂದಿತ್ತು:

ಮಣ್ಣೀನ ಎತ್ತೀಗೆ ಹುಲ್ಲ್ಯಾಕ ನೀರ್ಯಾಕ
ಕಣ್ಣೀಗೆ ಕುಸುಬೀಯ ಕಾಳ್ಸಾಕ | ನನ ಕಂದ
ಬೆನ್ನೀಗೆ ನಿನ್ನ ಕೈ ಸಾಕ

ರೊಟ್ಟಿ ಬಡಿಯುವಾಗ ಒಮ್ಮೊಮ್ಮೆ ಅದು ಬರುತ್ತಿತ್ತು. ಈ ಸಲ ಒಂದು ಸಾಲು ಹಾಡಿ, ಕೈ ನಿಲ್ಲಿಸಿ, “ಮುಂದೇನೋ ಇತ್ತಲ್ಲೋ ಬಾಳೂ...” ಎಂದುಬಿಟ್ಟರು. ಮರೆತೇಹೋಗುವ ಮೊದಲು ಹಿಡಿದಿಡಬೇಕೆಂದು ಬಾಳಪ್ಪನವರು ಫೋನು ತೆಗೆದರು. ಫೋನು ಹಿಡಿದು ಹಾಡೆಂದರೆ ಮುದುಕಿ ಸುತರಾಂ ಒಪ್ಪುವುದಿಲ್ಲ: “ಕೈಯಾಗ ಕೆಲಸಿಲ್ಲದ ಎದಕ್ಕ ಹಾಡ್ಲೋ? ನಾ ಏನ ರೇಡಿಯೋನ?” ಅಂತೂ ರೊಟ್ಟಿಯ ಸದ್ದಿನ ಹಿಂದೆ ನಿಂತು ನಿಂತು, ಒಂದು ದಿನ ಒಂದು ಸಾಲು, ಇನ್ನೊಂದು ದಿನ ಇನ್ನೊಂದು ಎಂದು ಕೂಡಿಸಿಕೊಂಡರು. ಆಗಲೇ ಅವರಿಗೆ ಹೊಳೆದದ್ದು: ಈ ಹಾಡು ಬ್ಯಾಬಿಲೋನಿನ ಭಾಷೆಯಲ್ಲಿ, ಬೆಣೆಲಿಪಿಯಲ್ಲಿ, ಮಣ್ಣಿನ ಹಲಗೆಯ ಮೇಲೆ ಕೂರಬೇಕು. ಕೊನೆಯಲ್ಲಿ ಅವ್ವನ ಹೆಸರಿರಬೇಕು. ಜೂನ್ ಕೊನೆಗೆ ಸಿಡ್ನಿಯಲ್ಲಿ ಶಮೀರಾಮ್ ಮೇಡಮ್ಮಿನ ಶಿಷ್ಯರೆಲ್ಲ ಸೇರಿ ತಂತಮ್ಮ ಹಲಗೆ ಓದುವ ದಿನ. ಒಳ್ಳೆಯವನ್ನು ಅಲ್ಲಿಯೇ ಒಣಗಿಸಿ, ಆವಿಗೆಯಲ್ಲಿ ಸುಟ್ಟು, ಗಾಜಿನ ಪೆಟ್ಟಿಗೆಯಲ್ಲಿಡುತ್ತಾರೆ. ಅವ್ವ ಆಗಸ್ಟಿನಲ್ಲಿ ಊರಿಗೆ ಹೊರಟುಬಿಡುತ್ತಾರೆ. ಅಷ್ಟರೊಳಗೆ ಅವರ ಕಣ್ಣೆದುರು ಅವರ ಹಾಡು ಕಲ್ಲಾಗಬೇಕು.

“ನಾಕು ಸಾವಿರ ವರ್ಷ ಇರತೈತ್ರಿ ಸಂಪತ್ ಸರ,” ಎಂದರು ನನ್ನ ಕೈ ಹಿಡಿದು. “ಆಮ್ಯಾಲೆ ಯಾರರೆ ಅಗದು ತಗದು ಓದತಾರ. ದ್ಯಾಮವ್ವ ಅಂತ ಒಬ್ಬಾಕಿ ಇದ್ಲು ಅಂತಾರ.”

ನನಗೆ ಹೊಟ್ಟೆಕಿಚ್ಚಾಯಿತು. ನಾನು ಇಲ್ಲಿನ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ವರ್ಷ ವರ್ಷ ಬರೆಯುವ ಹಾಸ್ಯಲೇಖನ ಮುಂದಿನ ವಾರದ ರೀಸೈಕ್ಲಿಂಗ್ ಬಿನ್ನಿಗೆ ಬೀಳುವುದನ್ನು ಕಣ್ಣಾರೆ ಕಂಡವನು.

ಅನುವಾದ ಸುಲಭವಿರಲಿಲ್ಲ. ಗುರುವಾರ ಬಂದರೆ ಗುರುಶಿಷ್ಯರ ಜಗ್ಗಾಟ. ಕುಸುಬಿಗೆ ಆ ಭಾಷೆಯಲ್ಲಿ ಸರಿಯಾದ ಪದ ಸಿಗಲಿಲ್ಲವಾಗಿ ಎಳ್ಳಿನಲ್ಲಿ ರಾಜಿಯಾದರು. ಅದನ್ನು ಅವ್ವನಿಗೆ ಹೇಳಿದ್ದೇ ತಪ್ಪಾಯಿತು.

“ಎಳ್ಳೇನೋ?” ಎಂದರು ದ್ಯಾಮವ್ವ. “ಎತ್ತಿನ ಕಣ್ಣಿಗೆ ಎಳ್ಳು ಸಾಲತೈತೇನೋ ಹುಚ್ಚಾ? ಕುರುಡ ಎತ್ತು ಆಗತೈತಿ.”

“ಅವ್ವಾ, ಅದು ಬರೇ ಹಾಡಿನ್ಯಾಗ.”

“ಹಾಡಿನ್ಯಾಗಾದ್ರ ಕುರುಡ ಇದ್ರ ನಡೀತೈತೇನು?”

ವಿಮರ್ಶೆಯನ್ನು ಪಕ್ಕಕ್ಕಿಟ್ಟು, ಮಣ್ಣಿನ ಮೇಲೆ ಬರೆಯುವ ಸುದ್ದಿಯನ್ನು ಅವ್ವನಿಗೆ ಹೇಳದೆಯೇ, ಬಾಳಪ್ಪನವರು ಇಟ್ಟಿಗೆ ಗಾತ್ರದ ಹಲಗೆ ಬರೆಯತೊಡಗಿದರು. ಮಣ್ಣು ಒಣಗಿದರೆ ಒತ್ತಲಾಗದು. ಅದಕ್ಕಾಗಿ ದಿನವೂ ಕೆಲಸ ಮುಗಿದ ಮೇಲೆ ಹಳೆಯ ಧೋತರದ ತುಂಡು ಒದ್ದೆ ಮಾಡಿ ಸುತ್ತಿ, ಸ್ಟೀಲಿನ ಪರಾತದಲ್ಲಿಟ್ಟು ಗ್ಯಾರೇಜಿನ ಮೂಲೆಯಲ್ಲಿಡುತ್ತಿದ್ದರು. ಪ್ರತಿ ಬೆಣೆಯನ್ನೂ ಒತ್ತಿ, ಅಳಿಸಿ, ಮತ್ತೆ ಒತ್ತಿ, ವಾರಗಟ್ಟಲೆ ಕೂತ ಕೆಲಸ. ಮುಗಿದ ದಿನ ನನ್ನನ್ನು ಕರೆದು ತೋರಿಸಿದರು. ಅರ್ಥವಾಗಲಿಲ್ಲ. ಆದರೆ ನಮ್ಮ ಹಿತ್ತಲಿನ ಮಣ್ಣು ಅಷ್ಟು ಮರ್ಯಾದಸ್ಥನಂತೆ ಕೂತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಸಿಡ್ನಿಯವರೆಗೆ ಒಣಗಿ ಬಿರಿಯದಿರಲೆಂದು ಮತ್ತೆ ಒದ್ದೆ ಬಟ್ಟೆ ಸುತ್ತಿಟ್ಟರು.

ಇತ್ತ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಊರಲ್ಲಿ ಮುಂಗಾರಿನ ಹೊತ್ತು, ಇಲ್ಲಿ ಹಲ್ಲು ಕಟಕಟಿಸುವ ಚಳಿ. ಆ ದಿನ ಮಣ್ಣಿನಲ್ಲಿ ಎತ್ತಿನ ಜೋಡಿ ಮಾಡಿ, ಪೂಜಿಸಿ, ಹೋಳಿಗೆ ಎಡೆ ಹಿಡಿದು, ಆಮೇಲೆ ನೀರಿಗೆ ಬಿಡಬೇಕು. ದ್ಯಾಮವ್ವ ನಾಲ್ಕು ದಿನದಿಂದ “ಬಾಳೂ, ಎತ್ತಿಗೆ ಮಣ್ಣು ತಾರೋ” ಎನ್ನುತ್ತಿದ್ದರು. ಬಾಳಪ್ಪನವರು ಬೆಣೆಯ ಗುಂಗಿನಲ್ಲಿ “ತರತೀನವ್ವಾ” ಎನ್ನುತ್ತಿದ್ದರು. ಟಬ್ಬಿನ ಮಣ್ಣು ಹಲಗೆಗೇ ಮುಗಿದಿತ್ತು. ಹಿತ್ತಲಿನಲ್ಲಿ ಅಗೆಯೋಣವೆಂದರೆ ಇವರ ಮನೆಯಲ್ಲಿರುವುದು ಪ್ಲಾಸ್ಟಿಕ್ ಹುಲ್ಲು.

ಅಮಾವಾಸ್ಯೆ ಶನಿವಾರ ಬಿದ್ದಿತ್ತು. ಬಾಳಪ್ಪನವರಿಗೆ ಅಂದೂ ಟ್ರುಗನಿನಾದಲ್ಲಿ ಯಾವುದೋ ಸೈಟು. ನನ್ನನ್ನು ಹೋಳಿಗೆಗೆ ಕರೆದಿದ್ದರು. ಅವರು ಸೈಟಿನಿಂದ ಮರಳುವ ಹೊತ್ತಿಗೆ ನಾನೂ ತಲುಪಿ, ಇಬ್ಬರೂ ಒಟ್ಟಿಗೇ ಬಾಗಿಲಲ್ಲಿ ಶೂ ಬಿಚ್ಚಿದೆವು. ಒಳಗೆ ದೇವರ ಜಗುಲಿಯ ಮೇಲೆ ಎರಡು ಎತ್ತು ನಿಂತಿದ್ದವು. ಡುಬ್ಬ ಎದ್ದ, ಕೊರಳು ಸೆಟೆದ, ಕಣ್ಣಿಗೆ ಕುಸುಬಿ ಕಾಳು ಕೂತ, ಅಂಗೈಯಗಲದ ಜೋಡಿ. ಮುಂದೆ ಮಣ್ಣಿನದೇ ಪುಟ್ಟ ಗ್ವಾದಲಿ, ಅವುಗಳ ಮೇವಿನ ತೊಟ್ಟಿ.

“ಎಷ್ಟ ಚೊಲೋ ಆಗ್ಯಾವವ್ವಾ!” ಎಂದರು ಬಾಳಪ್ಪನವರು. “ಮಣ್ಣು ಎಲ್ಲಿದು?”

“ನೀ ತಂದದ್ದ,” ಎಂದರು ದ್ಯಾಮವ್ವ ಮೆಚ್ಚುಗೆಯಿಂದ. “ಬಾಯಿ ಬಿಟ್ಟು ಹೇಳಲಿಲ್ಲ, ಒಳಗೊಳಗ ನಾದಿ ಇಟ್ಟಿದ್ದಿ. ನಿಮ್ಮಪ್ಪನೂ ಹಿಂಗ ಮಾಡತಿದ್ದ. ಅಮಾಸಿ ಮುಂದ ಕೆರಿ ಮಣ್ಣು ತಂದು, ನಾದಿ, ಹಸಿ ಅರಿವಿ ಸುತ್ತಿ ಇಡತಿದ್ದ. ಬೆಣ್ಣಿ ಬೆಣ್ಣಿ ಆಗಿತ್ತು ನೋಡು. ಮ್ಯಾಲಷ್ಟ ಗುಬ್ಬಿ ಓಡ್ಯಾಡಿ ಹೆಜ್ಜಿ ಹೆಜ್ಜಿ ಬಿದ್ದಿತ್ತು. ಗ್ಯಾರೇಜಿನ ಬಾಗಲಾ ತಗದ ಇಡಬ್ಯಾಡೋ.”

ನೀಲಕ್ಕನ ಕೈಯಲ್ಲಿದ್ದ ಹೋಳಿಗೆ ಅರ್ಧಕ್ಕೆ ನಿಂತಿತು. ಬಾಳಪ್ಪನವರು ಎತ್ತಿನ ಮುಂದೆ ಬಗ್ಗಿ, ಮಗ್ಗುಲಲ್ಲಿ ಒಂದಾದರೂ ಬೆಣೆ ಉಳಿದಿದೆಯೇ ಎಂದು ಹುಡುಕಿದರು. ನಾನು ಒಮ್ಮೆ ಗೋಡೆಯ ಮೂಲೆ ನೋಡಿದೆ. ಬಿರುಕೂ ಇರಲಿಲ್ಲ, ಮಾತಿಗೆ ಎತ್ತಿಕೊಳ್ಳೋಣವೆಂದರೆ. ಕೊನೆಗೆ ಅವರು ಬೆನ್ನು ನೆಟ್ಟಗೆ ಮಾಡಿ, “ಹೌದವ್ವಾ... ಚೊಲೋ ಆತು,” ಎಂದರು.

ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಕೋಣೆಯಿಂದ ಬಂದ ಗಾನವಿ ಜಗುಲಿ ನೋಡಿದವಳೇ, “ಓ ಮೈ ಗಾಡ್ ಅಜ್ಜಿ, ದಟ್ ವಾಸ್ ಯುವರ್ ಸಾಂಗ್!” ಎಂದು ಚೀರಿದಳು.

“ಏನಂತಾಳೋ ಇಕಿ?”

ನೀಲಕ್ಕ ಮೆಲ್ಲಗೆ ಹೇಳಿದರು: “ಅತ್ತಿ, ಅದು ಗುಬ್ಬಿ ಹೆಜ್ಜಿ ಅಲ್ರಿ. ಇವರು ಬರದದ್ದು. ನಿಮ್ಮ ಹಾಡು, ಮಣ್ಣೀನ ಎತ್ತಿಂದು. ಸಿಡ್ನಿಗೆ ಒಯ್ಯಾಕಂತ.”

ದ್ಯಾಮವ್ವ ತಮ್ಮ ಕೈಗಳನ್ನು ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು.

“ಮದಲ ಹೇಳಬಾರದೇನೋ ಮೂಳಾ?” ಎಂದರು ಮಗನಿಗೆ. ಆಮೇಲೆ ಎತ್ತೊಂದನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದೆ ಹಿಡಿದರು. “ಇನ್ನ ಹಸಿ ಐತಿ. ಬರಿ.”

“ಎತ್ತಿನ ಮ್ಯಾಲೇನವ್ವಾ?”

“ಎತ್ತಿನ ಹಾಡು ಎತ್ತಿನ ಮ್ಯಾಲೆ ಬರಿಯಾಕ ಏನ ಧಾಡಿ?”

ಪೂಜೆ ಸ್ವಲ್ಪ ತಡವಾಯಿತು. ಬಾಳಪ್ಪನವರು ಊಟದ ಮೇಜಿನ ಮೇಲೆ ಹಳೆಯ ಟವಲು ಹಾಸಿ, ಮೊನೆ ಕೊಯ್ದ ಕಡ್ಡಿ ಹಿಡಿದು ಕೂತರು. ದ್ಯಾಮವ್ವ ಎತ್ತನ್ನು ಹಿಡಿದುಕೊಂಡರು, ಒತ್ತಿದರೆ ಮುರಿಯದಂತೆ ಆಚೆ ಮಗ್ಗುಲಿನಿಂದ ಬೆರಳು ಆನಿಸಿ. ಕೈಗೆ ಕೆಲಸ ಬಂದದ್ದೇ ಬಾಯಿಗೆ ಹಾಡು ಬಂತು. ಯಾರೂ ಕೇಳದೆ, ಮೂರೂ ಸಾಲು, ಎಲ್ಲಿಯೂ ನಿಲ್ಲದೆ. ಬಾಳಪ್ಪನವರ ಕಡ್ಡಿ ಆ ಹಾಡಿನ ಹಿಂದೆಯೇ ಹೋಯಿತು. ರೆಕಾರ್ಡ್ ಮಾಡಬೇಕೆಂದು ನನಗೆ ಹೊಳೆಯಿತು, ಖಂಡಿತ ಹೊಳೆಯಿತು. ಆದರೆ ನೀಲಕ್ಕ ನನ್ನನ್ನು ಹೋಳಿಗೆಗೆ ತುಪ್ಪ ಸವರಲು ಕೂರಿಸಿದ್ದರು, ಎರಡೂ ಕೈ ತುಪ್ಪವಾಗಿತ್ತು.

ಎರಡು ಎತ್ತಿಗೆ ನಾಲ್ಕು ಮಗ್ಗುಲು. ಮೂರರಲ್ಲಿ ಮೂರು ಸಾಲು ಕೂತವು. ನಾಲ್ಕನೆಯದರಲ್ಲಿ, ಹಳೆಯ ಲಿಪಿಕಾರರು ಕೃತಿಯ ಕೊನೆಗೆ ಬರೆದವರ ಹೆಸರು ಹಾಕುತ್ತಿದ್ದಂತೆ, ಬಾಳಪ್ಪನವರು ಒತ್ತಿದರು: ದ್ಯಾಮವ್ವನ ಮಾತು, ಬಾಳಪ್ಪನ ಕೈ.

“ಅವ್ವಾ, ಇಲ್ಲಿ ನಿನ್ನ ಉಗುರು ಒತ್ತು.”

“ಹೆಬ್ಬಟ್ಟಲ್ಲೇನು?” ದ್ಯಾಮವ್ವನಿಗೆ ಸರ್ಕಾರಿ ಆಫೀಸುಗಳ ಅಭ್ಯಾಸ.

“ಅಲ್ಲವ್ವಾ. ಆ ಊರಾಗ ಮುದ್ರಿ ಇಲ್ಲದವರು ಉಗುರು ಒತ್ತತಿದ್ರು. ಅದ ಅವರ ಸಹಿ.”

“ಶಾಣ್ಯಾ ಮಂದಿ,” ಎಂದು ದ್ಯಾಮವ್ವ ಉಗುರು ಒತ್ತಿದರು. ಅವರ ಆ ಸಹಿ ನೋಡಿ ಬಾಳಪ್ಪನವರ ಮುಖಕ್ಕೆ ಮತ್ತೆ ರಕ್ತ ಬಂತು. ಸಿಡ್ನಿ ಮತ್ತೆ ನಿಜವಾಯಿತು. ಪೂಜೆಯ ಮೇಲೆ ನೀರಿಗೆ ಬಿಡುವುದನ್ನು ಒಂದು ವಾರ ಮುಂದೂಡಲು ಮುದುಕಿ ಒಪ್ಪಿದರು. ಸಿಡ್ನಿಯಲ್ಲಿಯೂ ನೀರಿರುತ್ತದೆಯಲ್ಲ ಎಂದು ವಿಚಾರಿಸಿಕೊಂಡ ಮೇಲೆ.

ಸಿಡ್ನಿಗೆ ಕಾರು ನಾನು ಓಡಿಸಿದೆ. ಬಾಳಪ್ಪನವರಿಗೆ ಹ್ಯೂಮ್ ಹೈವೇ ಕೊಡುವಂತಿಲ್ಲ. ರಸ್ತೆಗಾಗಿ ಗುಡ್ಡ ಕಡಿದಲ್ಲೆಲ್ಲ ಮಣ್ಣಿನ ಪದರ ನೋಡುತ್ತ ಸ್ಟೀರಿಂಗ್ ಮರೆಯುತ್ತಾರೆ. ಹಿಂದಿನ ಸೀಟಿನಲ್ಲಿ ದ್ಯಾಮವ್ವ, ಪಕ್ಕದಲ್ಲಿ ಸೀಟ್‌ಬೆಲ್ಟ್ ಬಿಗಿದ ಎತ್ತಿನ ಪೆಟ್ಟಿಗೆ. ಆಲ್ಬರಿಯಲ್ಲಿ ಪೆಟ್ರೋಲು ಹಾಕಿಸುವಾಗ ದ್ಯಾಮವ್ವ ಪೆಟ್ಟಿಗೆ ತೆರೆದು, “ಬಸವಣ್ಣಗ ಸೆಕಿ ಆಗತೈತಿ, ಕಿಡಕಿ ತಗೀ,” ಎಂದರು. ಹೊರಗೆ ಹಿಮಗಾಳಿ. ನಾವು ನಡುಗುತ್ತ ಎತ್ತುಗಳಿಗೆ ಗಾಳಿ ಕುಡಿಸಿದೆವು.

ಸಿಡ್ನಿಯ ಆ ಕೋಣೆಯಲ್ಲಿ ಬಗೆಬಗೆಯ ಜನ ತಂತಮ್ಮ ಹಲಗೆ ಹಿಡಿದು ಕೂತಿದ್ದರು. ಮಾಜಿ ಟ್ರಾಮ್ ಡ್ರೈವರೊಬ್ಬ, ಹಲ್ಲಿನ ಡಾಕ್ಟರೊಬ್ಬಳು. ಬಾಳಪ್ಪನವರ ಸರದಿ ಬಂದಾಗ ಅವರು ಪೆಟ್ಟಿಗೆ ತೆರೆದು ಎರಡು ಎತ್ತು ಹೊರಗಿಟ್ಟರು. ಹಲಗೆ ಎಲ್ಲಿ ಎಂದು ಶಮೀರಾಮ್ ಕೇಳಿದರು. ಬಾಳಪ್ಪನವರು ನಡೆದದ್ದನ್ನು ಹೇಳಿದರು.

ಶಮೀರಾಮ್ ನಕ್ಕ ನಗುವಿಗೆ ಅವರ ಕನ್ನಡಕ ಜಾರಿತು. “ಅಜ್ಜಿ ಮಾಡಿದ್ದು ಬ್ಯಾಬಿಲೋನಿನ ಪ್ರತಿ ಶಾಲೆಯಲ್ಲೂ ನಡೆಯುತ್ತಿತ್ತು,” ಎಂದರು. “ಮೂಲೆಯಲ್ಲೊಂದು ತೊಟ್ಟಿ. ಬರೆದು ಮುಗಿದ ಹಲಗೆ ಅದರಲ್ಲಿ ನೆನೆಹಾಕಿ, ನಾದಿ, ನಾಳೆ ಮತ್ತೆ ಹೊಸ ಹಲಗೆ. ನಮಗೆ ಸಿಕ್ಕಿರುವುದು ತೊಟ್ಟಿಗೆ ಬೀಳುವುದನ್ನು ತಪ್ಪಿಸಿಕೊಂಡವು ಮಾತ್ರ.” ಆಮೇಲೆ ಎತ್ತಿನ ಮಗ್ಗುಲಿನ ಬೆಣೆಗಳನ್ನು ಓದುತ್ತ ಓದುತ್ತ ಅವರ ಮುಖ ಗಂಭೀರವಾಯಿತು. “ಇದು ಗಾಜಿನ ಪೆಟ್ಟಿಗೆಯ ಮಧ್ಯದಲ್ಲಿರಬೇಕು ಬಾಳಪ್ಪ. ಇಲ್ಲಿಯೇ ಬಿಟ್ಟುಹೋಗಿ. ನಿಧಾನವಾಗಿ ಒಣಗಿಸಿ ನಾನೇ ಸುಡಿಸುತ್ತೇನೆ.”

ಬಾಳಪ್ಪನವರು ಬಯಸಿದ್ದು ಅಷ್ಟೇ. ಅವರು ತಾಯಿಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. ದ್ಯಾಮವ್ವ ಎದ್ದು ನಿಂತರು.

“ಪೂಜಿ ಮಾಡಿದ ಬಸವಣ್ಣನ್ನ ಸುಡತೀಯೇನೋ?”

“ಅವ್ವಾ, ಸುಟ್ರ ನಾಕು ಸಾವಿರ ವರ್ಷ ಇರತಾನ!”

“ನಾಕು ಸಾವಿರ ವರ್ಷ ಮೇಯಸಾವರು ಯಾರು?”

“ಮಣ್ಣೀನ ಎತ್ತಿಗೆ ಹುಲ್ಲ್ಯಾಕ ಅಂತ ನೀನ ಹಾಡೀಯಲ್ಲಬೇ!”

“ಅಳೂ ಕೂಸಿಗೆ ಹಾಡಿದ್ದು. ಅದನ್ನ ಖರೆ ಅಂತ ಇಷ್ಟು ವರ್ಷ ತಿಳಕೊಂಡ ಕುಂತೀಯೇನು?”

ನಾನು ಅಕ್ಕಪಕ್ಕದವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಟ್ರಾಮ್ ಡ್ರೈವರ್ ತೊಡೆ ತಟ್ಟಿ ನಗುತ್ತಿದ್ದ. ಬಾಳಪ್ಪನವರು ನಗಲಿಲ್ಲ. “ಒಂದಾದ್ರೂ ಇಲ್ಲಿ ಇರಲಿ ಅವ್ವಾ,” ಎಂದರು, ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವ ಹಾಗೆ. “ಒಂದು ನೀರಿಗೆ ಬಿಡೂಣು.”

“ಜೋಡಿ ಅಗಲಸ್ತೀಯೇನು?” ಎಂದರು ತಾಯಿ. ಹಾಡೂ ಎರಡು ಎತ್ತಿನ ಮೇಲೆ ಹರಿದಿತ್ತಲ್ಲ. ಒಂದನ್ನು ಬಿಟ್ಟರೆ ಅರ್ಧ ಹಾಡು. ಅದು ಬಾಳಪ್ಪನವರಿಗೂ ಹೊಳೆಯಿತು. ಅವರು ಎತ್ತಿನ ಬೆನ್ನ ಮೇಲೆ ಕೈಯಿಟ್ಟರು. ಈ ವಯಸ್ಸಿನಲ್ಲಿ, ತಲೆ ಅರ್ಧ ಬೋಳಾದ ಆ ಮನುಷ್ಯನ ಕಣ್ಣಲ್ಲಿ ನೀರು ತುಂಬಿತ್ತು. “ಮುಂದಿನ ವರ್ಷ ನಿನಗ ಹಾಡು ನೆನಪ ಇರತೈತೋ ಇಲ್ಲೋ ಅವ್ವಾ,” ಎಂದರು. “ಅದಕ್ಕ ಅಂತೀನಿ.”

ದ್ಯಾಮವ್ವ ಹತ್ತಿರ ಬಂದು, ಎತ್ತಿನ ಬೆನ್ನ ಮೇಲಿದ್ದ ಮಗನ ಕೈಯ ಮೇಲೆ ತಮ್ಮ ಕೈಯಿಟ್ಟರು.

“ಕಡೀ ಸಾಲಿನ್ಯಾಗ ಏನೈತಿ ಹೇಳು.”

“ಬೆನ್ನೀಗೆ ನಿನ್ನ ಕೈ ಸಾಕ.”

“ಗಾಜಿನ ಪೆಟ್ಟಿಗ್ಯಾಗ ಇಟ್ರ ಕೈ ಹ್ಯಾಂಗ ಇಡತಿ?”

ಇದನ್ನು ನಾನು ಇಂಗ್ಲಿಷಿಗೆ ತರಲು ಹೋಗಿ ಅರ್ಧಕ್ಕೆ ಬಿಟ್ಟೆ. ಶಮೀರಾಮ್ ನನ್ನ ಕಡೆ ನೋಡಿದರು, ಆಮೇಲೆ ಆ ಎರಡು ಕೈಗಳ ಕಡೆ. ಹೇಳುವ ಅಗತ್ಯ ಬೀಳಲಿಲ್ಲ. ಹೋಗಿ ತಮ್ಮ ತರಗತಿಯ ಮಣ್ಣಿನ ತೊಟ್ಟಿಗೆ ತಾವೇ ನೀರು ತುಂಬಿಸಿಕೊಂಡು ಬಂದರು. “ಇದರಲ್ಲಿ ಬಿಡಬಹುದೇ ಎಂದು ಅಜ್ಜಿಯನ್ನು ಕೇಳಿ,” ಎಂದರು. “ಮುಂದಿನ ವರ್ಷದ ಮಕ್ಕಳೆಲ್ಲ ಈ ಮಣ್ಣಿನಲ್ಲೇ ಬರೆಯಲು ಕಲಿಯುತ್ತಾರೆ.”

ದ್ಯಾಮವ್ವ ತೊಟ್ಟಿ ನೋಡಿದರು, ಬೆರಳದ್ದಿ ನೀರು ನೋಡಿದರು, ತಲೆಯಾಡಿಸಿದರು. ಬಾಳಪ್ಪನವರು ಮೊದಲು ಎತ್ತಿನ ಮಗ್ಗುಲಿನಿಂದ ಹಾಡನ್ನು ಬ್ಯಾಬಿಲೋನಿನ ಭಾಷೆಯಲ್ಲಿ ಓದಿದರು. ಆ ಭಾಷೆ ಬೈಲಹೊಂಗಲದ ದನಿಯಲ್ಲಿ ಕೇಳಿದ್ದು ಅದೇ ಮೊದಲಿರಬೇಕು. ಆಮೇಲೆ ತಾಯಿ ಮಗ ಇಬ್ಬರೂ ಹಿಡಿದು ಜೋಡಿಯನ್ನು ನೀರಿಗೆ ಇಳಿಸಿದರು. ಕೈ ಕೆಲಸದಲ್ಲಿತ್ತಲ್ಲ, ದ್ಯಾಮವ್ವ ಹಾಡಿದರು. ಕುಸುಬಿ ಕಾಳು ಮೇಲೆ ತೇಲಿ ಬಂದವು.

ಮರುದಿನ ಹಿಂದಿರುಗುವಾಗ ಬಾಳಪ್ಪನವರು ಕಡಿದ ಗುಡ್ಡಗಳ ಮಣ್ಣಿನ ಪದರವನ್ನೂ ನೋಡಲಿಲ್ಲ. ನಾನೂ ರೇಡಿಯೋ ಹಾಕಲಿಲ್ಲ. ನೀರಿನ ಸುಳಿವೇ ಇಲ್ಲದ ಬಯಲಿನಲ್ಲಿ ಜಲಾಂತರ್ಗಾಮಿಯನ್ನು ನಿಲ್ಲಿಸಿಕೊಂಡಿರುವ ಹೋಲ್‌ಬ್ರುಕ್ ಎಂಬ ಊರಿನಲ್ಲಿ ಚಹಾಕ್ಕೆ ಇಳಿದೆವು. ಅಲ್ಲಿ ಅವರು ದಿಢೀರನೆ, “ಎಳ್ಳಿನ ಸಾಲು ತಪ್ಪಾಗಿತ್ರಿ,” ಎಂದರು.

“ಏನ್ ಸಾರ್?”

“ಅವ್ವ ಅಂದದ್ದು ಖರೆ. ಎತ್ತಿನ ಕಣ್ಣಿಗೆ ಎಳ್ಳು ಸಾಲಂಗಿಲ್ಲ. ಸುಟ್ಟಿದ್ರ ನಾಕು ಸಾವಿರ ವರ್ಷ ನನ್ನ ಎತ್ತು ಕುರುಡ ನಿಂತಿರತಿತ್ತು. ಕರಗಿದ್ದು ಚೊಲೋ ಆತು. ಮತ್ತೊಮ್ಮೆ ಸರಿ ಮಾಡಿ ಬರೀತೀನಿ.” ಎಂದವರೇ ರಸ್ತೆಬದಿಯ ಮಣ್ಣು ಕಿತ್ತು, ಬಾಟಲಿಯ ನೀರು ಹಾಕಿ ಹೊಸೆದರು. ಎಳೆ ಪಟ್ಟನೆ ತುಂಡಾಯಿತು. ದ್ಯಾಮವ್ವ ಅದನ್ನು ಇಸಿದುಕೊಂಡು, ಹಿಸುಕಿ, ಎಸೆದರು.

“ಬರೇ ಉಸುಕು. ಎತ್ತಿಗೂ ಬ್ಯಾಡ, ನಿನ್ನ ಗುಬ್ಬಿ ಹೆಜ್ಜಿಗೂ ಬ್ಯಾಡ. ಎಲ್ಲಿದೋ ಆ ಬೆಣ್ಣಿಯಂತಾ ಮಣ್ಣು?”

ತಾಯಿ ಮಗ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ಮುಂದಿನ ಭಾನುವಾರ ಬೆಳಿಗ್ಗೆ ಬಕೆಟ್ಟಿನ ಸದ್ದಿಗೆ ಎಚ್ಚರವಾಯಿತು. ಕಿಟಕಿಯಿಂದ ನೋಡಿದರೆ ನಿಂಬೆಗಿಡದ ಬುಡದಲ್ಲಿ ಬಾಳಪ್ಪನವರು ಅಗೆಯುತ್ತಿದ್ದಾರೆ. ದ್ಯಾಮವ್ವ ಶಾಲು ಹೊದ್ದು ಕೂತು ಹೆಂಟೆ ಒಡೆದು ಹರಳು ಆರಿಸುತ್ತಿದ್ದಾರೆ. ಕೈ ಕೆಲಸದಲ್ಲಿದೆ. ಹಾಡು ಬರುತ್ತಿದೆ. ಎರಡನೆಯ ಸಾಲಿಗೆ ಬಂದು ಒಂದು ಗಳಿಗೆ ನಿಂತಿತು. ಬಾಳಪ್ಪನವರು ಸಲಿಕೆ ಹಿಡಿದೇ, ತಲೆಯೆತ್ತದೆ, “ಕಣ್ಣೀಗೆ...” ಎಂದರು. “ಗೊತ್ತೈತಿ, ಗೊತ್ತೈತಿ,” ಎಂದು ಮುದುಕಿ ಮುಂದಕ್ಕೆ ಹಾಡಿದರು.

ನನ್ನ ಪಕ್ಕದಲ್ಲಿ ಗೋಡೆಯ ಬಿರುಕು ಈ ಚಳಿಗಾಲ ಸ್ವಲ್ಪ ಮುಚ್ಚಿಕೊಂಡಿದೆ. ಮಣ್ಣು ಉಬ್ಬಿರಬೇಕು. ನಾನೂ ಸ್ವಲ್ಪ ಹಿಗ್ಗಿದ್ದೆ. ಚಹಾಕ್ಕಿಟ್ಟು ಹಿತ್ತಲಿನ ಬಾಗಿಲು ತೆಗೆದೆ.